ಈ ಏರಿಯಾ ಸೇಫಾ?

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ, ಬೆಂಗಳೂರಿಗೆ ಹೊಸದಾಗಿ ಬಂದವರು ಮತ್ತು ಇಲ್ಲಿನ ಹಳೆಯ ನಿವಾಸಿಗಳ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಸುಮಾರು ಅರ್ಧ ಜನ ಈಚೆಗೆ ಬೆಂಗಳೂರಿಗೆ ಬಂದವರು. ಕಲಬುರಗಿ, ಹಾವೇರಿ, ಮಂಡ್ಯ, ಶಿರಸಿ ಕಡೆಯವರಿದ್ದೀರಿ. ಒಡಿಶಾ, ಅಸ್ಸಾಂ ಕಡೆಯವರೂ ಇದ್ದೀರಿ. ಮಿಕ್ಕವರು ಇಲ್ಲೇ ಮನೆ ಕಟ್ಟಿಕೊಂಡು ಮಕ್ಕಳು ಮೊಮ್ಮಕ್ಕಳನ್ನು ಕಂಡವರು. ನನ್ನ ಮಾತು ಇಬ್ಬರಿಗೂ ಸೇರಿದ್ದು.

ಮನೆ ಹುಡುಕುವವರು ಮೊದಲು ಕೇಳುವುದು "ಈ ಏರಿಯಾ ಸೇಫಾ?" ಅಂತ. ಇದಕ್ಕೆ ಹೌದು, ಇಲ್ಲ ಎಂದು ಉತ್ತರ ಕೊಡೋಕೆ ಆಗಲ್ಲ. ಒಂದೇ ಏರಿಯಾದಲ್ಲಿ ಮೂರನೇ ಕ್ರಾಸ್ ಚೆನ್ನಾಗಿರುತ್ತದೆ, ನಾಲ್ಕನೇ ಕ್ರಾಸಿಗೆ ಕತ್ತಲಾದ ಮೇಲೆ ಯಾರೂ ಕಾಲಿಡುವುದಿಲ್ಲ. ಹಾಗಾಗಿ ನಾನು ಅವರನ್ನೇ ತಿರುಗಿ ಕೇಳುತ್ತೇನೆ. ರಾತ್ರಿ ಹತ್ತಕ್ಕೆ ಆ ರಸ್ತೆಯಲ್ಲಿ ಯಾರು ಎಚ್ಚರವಾಗಿರುತ್ತಾರೆ? ಬೆಳಿಗ್ಗೆ ಐದಕ್ಕೆ ಯಾರು ಬಾಗಿಲು ತೆಗೆಯುತ್ತಾರೆ? ಅವರಲ್ಲಿ ಯಾರಿಗಾದರೂ ನಿಮ್ಮ ಮುಖ ಗೊತ್ತಿರುತ್ತದೆಯೇ?

ಮನೆ ನೋಡಲು ಎಲ್ಲರೂ ಭಾನುವಾರ ಬೆಳಿಗ್ಗೆ ಹೋಗುತ್ತಾರೆ. ಆ ಹೊತ್ತಿಗೆ ಎಲ್ಲ ರಸ್ತೆಯೂ ಚೆಂದವೇ. ದಯವಿಟ್ಟು ವಾರದ ದಿನ ರಾತ್ರಿ ಒಂಬತ್ತೂವರೆಗೆ ಇನ್ನೊಂದು ಸಲ ಹೋಗಿ. ಬಸ್ ಸ್ಟಾಪಿನಿಂದಲೋ ಮೆಟ್ರೋದಿಂದಲೋ ಆ ಮನೆಗೆ ನಡೆದುಕೊಂಡೇ ಹೋಗಿ. ಬೀದಿದೀಪ ಉರಿಯುತ್ತಿದೆಯಾ, ಫುಟ್‌ಪಾತ್ ಮೇಲಿನ ಚಪ್ಪಡಿ ಗಟ್ಟಿ ಇದೆಯಾ, ಅಂಗಡಿ ಎಷ್ಟು ಹೊತ್ತಿನ ತನಕ ತೆರೆದಿರುತ್ತದೆ, ನಿಮ್ಮ ಕಾಲಿಗೇ ಕಣ್ಣಿಗೇ ಗೊತ್ತಾಗುತ್ತದೆ. ಮಧ್ಯಾಹ್ನ ಎರಡು ಗಂಟೆಗೂ ಒಮ್ಮೆ ಹೋದರೆ ಒಳ್ಳೆಯದು. ಗಂಡಸರು ಹೆಂಗಸರು ಎಲ್ಲ ಕೆಲಸಕ್ಕೆ ಹೋಗಿ, ಮಕ್ಕಳು ಸ್ಕೂಲಲ್ಲಿದ್ದು, ಇಡೀ ಬಡಾವಣೆ ಖಾಲಿ ಹೊಡೆಯುವ ಹೊತ್ತು ಅದು. ಬೀಗ ಒಡೆಯುವವರಿಗೆ ಆ ಹೊತ್ತೂ ರಾತ್ರಿಯಷ್ಟೇ ಅನುಕೂಲ.

ನ್ಯೂಯಾರ್ಕಿನ ಹಡ್ಸನ್ ಸ್ಟ್ರೀಟಿನಲ್ಲಿ ವಾಸವಿದ್ದ ಜೇನ್ ಜೇಕಬ್ಸ್ ಎಂಬ ಹೆಣ್ಣುಮಗಳು 1961ರಲ್ಲೇ ಒಂದು ಮಾತು ಬರೆದರು. ರಸ್ತೆಯಲ್ಲಿ ಶಾಂತಿ ಉಳಿಯುವುದು ಮುಖ್ಯವಾಗಿ ಪೊಲೀಸರಿಂದಲ್ಲ, ಅಲ್ಲಿ ಓಡಾಡುವ, ಅಂಗಡಿ ಇಟ್ಟುಕೊಂಡಿರುವ, ಕಿಟಕಿಯಿಂದ ನೋಡುವ ಜನರಿಂದ ಅಂತ. ತಮ್ಮ ಬೀದಿಯ ಜನ ಮನೆ ಬೀಗದ ಕೈಯನ್ನು ಅಂಗಡಿಯವನ ಹತ್ತಿರ ಬಿಟ್ಟು ಹೋಗುತ್ತಿದ್ದುದನ್ನೂ ಆಕೆ ಬರೆದಿದ್ದಾರೆ. ಇದನ್ನು ಓದಿದಾಗ ನನಗೆ ಏನೂ ಆಶ್ಚರ್ಯ ಆಗಲಿಲ್ಲ. ನಮ್ಮಲ್ಲೂ ಅದನ್ನೇ ಮಾಡುತ್ತೇವಲ್ವಾ? "ಅಣ್ಣಾ, ನಮ್ಮ ಹುಡುಗ ಬಂದ್ರೆ ಕೊಟ್ಬಿಡಿ" ಎಂದು ಕೀ ಕೊಟ್ಟು ಹೋಗುತ್ತೇವೆ.

ನಮ್ಮ ಕ್ರಾಸಿನ ಇಸ್ತ್ರಿ ಅಂಗಡಿಯ ವಿಷಯ ಹೇಳುತ್ತೇನೆ. ಅಂಗಡಿ ಎಂದರೆ ಒಂದು ತಳ್ಳುಗಾಡಿ, ಮೇಲೆ ತಗಡು. ಮೊದಲು ಇದ್ದಿಲಿನ ಪೆಟ್ಟಿಗೆ ಇತ್ತು, ಈಗ ಗ್ಯಾಸಿನದು. ನಡೆಸುವ ಅಕ್ಕ ಒಂದೊಂದು ಮನೆಯ ಬಟ್ಟೆಯನ್ನೂ ಬೇರೆ ಬೇರೆ ಗಂಟು ಕಟ್ಟಿ, ಚೀಟಿಯಲ್ಲಿ ಮನೆ ನಂಬರ್ ಬರೆದು ಸಿಕ್ಕಿಸಿ ಇಡುತ್ತಾರೆ. ಸಂಜೆಗೆ ಯಾವ ಗಂಟು ಹೋಯಿತು, ಯಾವುದು ಉಳಿಯಿತು ಎಂದು ಅವರಿಗೆ ನೋಡದೆಯೇ ಗೊತ್ತು. ಎರಡನೇ ಮಹಡಿಯಲ್ಲಿ ಒಬ್ಬರೇ ಇದ್ದ ಅಜ್ಜನ ಗಂಟು ಒಮ್ಮೆ ಎರಡು ದಿನ ಹಾಗೇ ಉಳಿಯಿತು. ಅಕ್ಕ ಮಗನನ್ನು ಮೇಲೆ ಕಳಿಸಿದರು. ಬಾಗಿಲು ತಟ್ಟಿದರೆ ಒಳಗಿಂದ ನರಳುವ ಸದ್ದು. ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಆ ಕಟ್ಟಡದ ಗೇಟಿನಲ್ಲಿ ಕ್ಯಾಮೆರಾ ಇದೆ, ಮೆಟ್ಟಿಲ ಹತ್ತಿರ ಇನ್ನೊಂದಿದೆ. ಅಜ್ಜ ಹೊರಗೆ ಬಂದಿಲ್ಲ ಎನ್ನುವುದು ಎರಡರಲ್ಲೂ ದಾಖಲಾಗಿರುತ್ತದೆ. ಆದರೆ ಅದನ್ನು ಗಮನಿಸಿದ್ದು ಅಕ್ಕ.

ಕ್ಯಾಮೆರಾ ಬೇಡ ಎಂದು ನಾನು ಹೇಳುತ್ತಿಲ್ಲ. ಕಳ್ಳತನ ಆದ ಮೇಲೆ ಪೊಲೀಸರಿಗೆ ಅದು ತುಂಬಾ ಕೆಲಸಕ್ಕೆ ಬರುತ್ತದೆ. ಆದರೆ ಆಗುವ ಮೊದಲು ಕೆಲಸಕ್ಕೆ ಬರುವವರು ಬೇರೆ. ನಂದಿನಿ ಬೂತಿನವರು, ಹೂವಿನವರು, ಎಳನೀರಿನವರು, ಆಟೋ ಸ್ಟ್ಯಾಂಡಿನವರು, ಬೆಳಿಗ್ಗೆ ಕಸದ ಆಟೋ ಜೊತೆ ಬರುವ ಪೌರಕಾರ್ಮಿಕರು. ಹೊಸಬರು ಬಂದ ಮೊದಲ ವಾರದಲ್ಲಿ ಮಾಡಬೇಕಾದ ಕೆಲಸ ಇವರ ಪರಿಚಯ ಮಾಡಿಕೊಳ್ಳುವುದು. ದೊಡ್ಡದೇನೂ ಬೇಡ. ಹಾಲು ದಿನಾ ಒಂದೇ ಬೂತಿನಲ್ಲಿ ತಗೊಳ್ಳಿ. ಕಸ ಬೇರೆ ಮಾಡಿ, ಗಾಡಿ ಬಂದಾಗ ನೀವೇ ಇಳಿದು ಹೋಗಿ ಕೊಡಿ, ಹೆಸರು ಕೇಳಿ. ಎಲ್ಲವನ್ನೂ ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತರಿಸಿಕೊಂಡರೆ ಆರು ತಿಂಗಳಾದರೂ ಆ ರಸ್ತೆಯಲ್ಲಿ ನಿಮ್ಮನ್ನು ಯಾರೂ ಕಂಡಿರುವುದಿಲ್ಲ. ನಿಮ್ಮ ಮನೆ ಮುಂದೆ ಬೇರೆ ಯಾರೋ ನಿಂತರೂ ಅದು ನೀವೋ ಅಲ್ಲವೋ ಎಂದು ಯಾರಿಗೂ ತಿಳಿಯುವುದಿಲ್ಲ.

ಇದೇ ಕಾರಣಕ್ಕೆ ಹಳಬರಲ್ಲಿ ನನ್ನದೊಂದು ಕೋರಿಕೆ ಇದೆ. ನಿವಾಸಿಗಳ ಸಂಘದ ಸಭೆಗಳಲ್ಲಿ ಪದೇ ಪದೇ ಬರುವ ದೂರು ತಳ್ಳುಗಾಡಿಯವರನ್ನು ಎಬ್ಬಿಸಿ ಅನ್ನುವುದು. ನಡೆಯೋಕೆ ಜಾಗ ಬಿಡಿ ಎಂದು ಕೇಳುವುದು ನ್ಯಾಯ. ಆದರೆ ಗಾಡಿಗಳೇ ಇಲ್ಲದ ರಸ್ತೆ ಎಂದರೆ ರಾತ್ರಿ ಎಂಟಕ್ಕೇ ನಿರ್ಜನ ಆಗುವ ರಸ್ತೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಸುಮ್ಮನೆ ಎತ್ತಂಗಡಿ ಮಾಡದಂತೆ ರಕ್ಷಣೆ ಕೊಟ್ಟಿದೆ. ಕಾಯ್ದೆ ಒಂದು ಕಡೆ ಇರಲಿ. ಕೆಲಸ ಮುಗಿಸಿ ಹತ್ತು ಗಂಟೆಗೆ ಬಸ್ ಇಳಿದು ಬರುವ ನಿಮ್ಮ ಮಗಳಿಗೆ ಆ ಪಾನಿಪೂರಿ ಗಾಡಿಯ ಬೆಳಕು ಬೇಕು.

ಈಗ ಮನೆ ಹಿಡಿಯುವ ವಿಷಯ. ನೀರು ಎಲ್ಲಿಂದ ಬರುತ್ತದೆ ಎಂದು ಮೊದಲು ಕೇಳಿ. ಕಾವೇರಿ ನೀರಾ, ಬೋರ್‌ವೆಲ್ಲಾ, ಟ್ಯಾಂಕರಾ? 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗಾಗಿ ಜನ ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಆಮೇಲೆ ಮಳೆ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದಲೂ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಕರೆತಂದರು. ಒಂದು ಕೆರೆ ತುಂಬಿ ಕೋಡಿ ಬಿದ್ದ ನೀರು ಮುಂದಿನ ಕೆರೆಗೆ ಹೋಗುವ ದಾರಿಯೇ ರಾಜಕಾಲುವೆ. ಅದರ ಮೇಲೆ, ಅದರ ಪಕ್ಕ ಕಟ್ಟಿದರೆ ನೀರು ಮನೆಯೊಳಗೇ ದಾರಿ ಮಾಡಿಕೊಳ್ಳುತ್ತದೆ. ಗ್ರೌಂಡ್ ಫ್ಲೋರ್ ಮನೆಯಾದರೆ ಗೋಡೆಯ ಕೆಳಭಾಗ ನೋಡಿ. ಮೊಣಕಾಲೆತ್ತರಕ್ಕೆ ಒಂದೇ ಸಮ ಗೆರೆ ಎಳೆದಂತೆ ಬಣ್ಣ ಉಬ್ಬಿದ್ದರೆ ಅಲ್ಲಿ ನೀರು ನಿಂತಿತ್ತು ಅಂತ. ಮಾಲೀಕರು ಇಲ್ಲ ಎನ್ನಬಹುದು. ಎದುರು ಅಂಗಡಿಯವರನ್ನು ಕೇಳಿ, ನಿಜ ಹೇಳುತ್ತಾರೆ.

ದುಡ್ಡಿನ ವಿಷಯ ಚುಟುಕಾಗಿ ಹೇಳುತ್ತೇನೆ. ಮನೆ ನೋಡದೆ ಟೋಕನ್ ಅಡ್ವಾನ್ಸ್ ಕಳಿಸಬೇಡಿ. ನಾನು ಮಿಲಿಟರಿಯವನು, ವರ್ಗ ಆಗಿದೆ, ಬಾಡಿಗೆ ಕಮ್ಮಿ ಮಾಡ್ತೀನಿ ಎಂದು ಫೋನಿನಲ್ಲೇ ನಂಬಿಸಿ ಹಣ ಹಾಕಿಸಿಕೊಳ್ಳುವ ಮೋಸ ಬಹಳ ನಡೆದಿದೆ. ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಆ ಹಣ ಖಾತೆಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ. ತಿಂಗಳ ಬಾಡಿಗೆಯ ಬದಲು ದೊಡ್ಡ ಮೊತ್ತ ಇಟ್ಟು ಲೀಸಿಗೆ ಮನೆ ಹಿಡಿಯುವವರು ಇನ್ನೂ ಹುಷಾರಾಗಿರಬೇಕು. ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು ಒಳಗೆ ಹೋದ ಮೇಲೆ, ಮಾಲೀಕರು ಸಾಲ ಕಟ್ಟಿಲ್ಲ ಎಂದು ಬ್ಯಾಂಕಿನವರು ಬಂದು ನೋಟಿಸ್ ಅಂಟಿಸಿದ್ದನ್ನು ನಾನೇ ಕಂಡಿದ್ದೇನೆ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಸೇವೆಯಲ್ಲಿ ಆ ಆಸ್ತಿಯ ಇ.ಸಿ., ಅಂದರೆ ಋಣಭಾರ ಪತ್ರ ತೆಗೆಸಿ ನೋಡಿ, ಗೊತ್ತಿರುವ ವಕೀಲರಿಗೂ ತೋರಿಸಿ. ಆಧಾರ್ ಜೆರಾಕ್ಸ್ ಕೊಡುವಾಗ ಅದರ ಮೇಲೇ "ಬಾಡಿಗೆ ಕರಾರಿಗೆ ಮಾತ್ರ" ಎಂದು ಬರೆದು, ತಾರೀಖು ಹಾಕಿ ಕೊಡಿ. ಒಳಗೆ ಹೋದ ದಿನವೇ ಬಾಗಿಲ ಬೀಗ ಬದಲಾಯಿಸಿ. ಹಿಂದೆ ಇದ್ದವರ ಹತ್ತಿರ ಎಷ್ಟು ಕೀ ಇವೆಯೋ ಯಾರಿಗೆ ಗೊತ್ತು.

ತುರ್ತು ಬಂದರೆ 112. ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್ ಮೂರಕ್ಕೂ ಅದೊಂದೇ ನಂಬರ್ ಸಾಕು. ನಗರದಲ್ಲಿ ಪೊಲೀಸರ ಹೊಯ್ಸಳ ಗಸ್ತು ಗಾಡಿ ಬರುತ್ತದೆ. ಗ್ಯಾಸ್ ವಾಸನೆ ಬಂದರೆ 1906, ಕರೆಂಟ್ ತಂತಿ ಹರಿದು ಬಿದ್ದರೆ 1912. ಆದರೆ ಫೋನ್ ಮಾಡಿದಾಗ ಎಡವುವುದು ವಿಳಾಸದಲ್ಲಿ. ಬೆಂಗಳೂರಿನಲ್ಲಿ ಐದನೇ ಕ್ರಾಸ್ ಎಂದರೆ ಯಾವ ಐದನೇ ಕ್ರಾಸ್? ಪ್ರತಿ ಬ್ಲಾಕಿಗೂ, ಪ್ರತಿ ಸ್ಟೇಜಿಗೂ ಒಂದೊಂದಿದೆ. ಗಾಬರಿಯಲ್ಲಿ ಬಾಯಿಗೆ ಬರುವುದು ಅಭ್ಯಾಸ ಆಗಿರುವ ಮಾತು ಮಾತ್ರ. ಆದ್ದರಿಂದ ನಿಮ್ಮ ವಿಳಾಸವನ್ನು ಕನ್ನಡದಲ್ಲಿ, ಒಂದೇ ಉಸಿರಿನಲ್ಲಿ ಹೇಳಲು ಕಲಿಯಿರಿ. ಮನೆ ನಂಬರ್, ಕ್ರಾಸ್, ಮೇನ್, ಬ್ಲಾಕ್, ಆಮೇಲೆ ಎಲ್ಲರಿಗೂ ಗೊತ್ತಿರುವ ಒಂದು ಗುರುತು. ಅದು ದೇವಸ್ಥಾನವೋ ಮಸೀದಿಯೋ ಸರ್ಕಾರಿ ಶಾಲೆಯೋ ನೀರಿನ ಟ್ಯಾಂಕೋ ಆಗಿರಲಿ. ಅಂಗಡಿಯ ಹೆಸರು ಬೇಡ, ಅದು ಮುಂದಿನ ವರ್ಷ ಇರುವುದಿಲ್ಲ.

ಠಾಣೆಗೆ ಹೋದರೆ "ಇದು ನಮ್ಮ ಲಿಮಿಟ್ಸ್ ಅಲ್ಲ" ಎಂದು ಕಳಿಸಿಬಿಡುತ್ತಾರೆ ಎಂಬ ಭಯ ಬಹಳ ಜನಕ್ಕಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಕೃತ್ಯ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು ಎಂದು ಸ್ಪಷ್ಟವಾಗಿ ಬರೆದಿದೆ. ಜೀರೋ ಎಫ್‌ಐಆರ್ ಎನ್ನುವುದು ಇದನ್ನೇ. ಸರ ಕಿತ್ತುಕೊಂಡು ಓಡುವುದು, ಫೋನ್ ಕಸಿದುಕೊಳ್ಳುವುದು ಈಗ ಪ್ರತ್ಯೇಕ ಕಲಮಿನಲ್ಲಿ ಬರುವ ಅಪರಾಧ. ಹಾಗಾಗಿ "ಕಳೆದುಹೋಗಿದೆ" ಎಂದು ಬರೆದುಕೊಡಿ ಅಂದರೆ ಒಪ್ಪಬೇಡಿ, ಕಸಿದರು ಎಂದೇ ಬರೆಯಿರಿ. ನಿಮ್ಮ ರಸ್ತೆಗೆ ಒಬ್ಬರು ಬೀಟ್ ಪೊಲೀಸ್ ಇರುತ್ತಾರೆ. ಅವರ ನಂಬರ್ ಠಾಣೆಯಲ್ಲಿ ಕೇಳಿ ಇಟ್ಟುಕೊಳ್ಳಿ. 2025ರ ಜುಲೈನಲ್ಲಿ ರಾಜ್ಯದಲ್ಲಿ "ಮನೆ ಮನೆಗೆ ಪೊಲೀಸ್" ಎಂದು ಶುರು ಮಾಡಿದ್ದಾರೆ. ಬೀಟಿನವರು ಮನೆಗೇ ಬಂದು ಮಾತಾಡಿಸಬೇಕು ಎನ್ನುವುದು ಅದರ ಉದ್ದೇಶ. ಬಂದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸದೆ ಎರಡು ಮಾತು ಆಡಿ. ಹಬ್ಬಕ್ಕೆ ಊರಿಗೆ ಹೋಗುವಾಗ ಅವರಿಗೊಂದು ಮಾತು ತಿಳಿಸಿ ಹೋಗಿ.

ಹೆಣ್ಣುಮಕ್ಕಳ ವಿಷಯದಲ್ಲಿ ನನಗೆ ಬೇಸರ ತರುವ ಸಂಗತಿ ಒಂದಿದೆ. ಸುರಕ್ಷತೆ ಎಂದ ಕೂಡಲೇ ಅವರಿಗೆ ಹೊತ್ತಿಗೆ ಮುಂಚೆ ಮನೆಗೆ ಬಾ, ಅಲ್ಲಿಗೆ ಹೋಗಬೇಡ, ಇದನ್ನು ಹಾಕಬೇಡ ಎಂಬ ಪಟ್ಟಿ ಕೊಡುತ್ತೇವೆ. ಪಟ್ಟಿ ಉದ್ದ ಆದಷ್ಟೂ ರಸ್ತೆಯಲ್ಲಿ ಹೆಂಗಸರು ಕಮ್ಮಿ ಆಗುತ್ತಾರೆ. ಕಮ್ಮಿ ಆದಷ್ಟೂ ಉಳಿದವರಿಗೆ ಕಷ್ಟ ಜಾಸ್ತಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸುಗಳಲ್ಲಿ ಹೆಂಗಸರು ತುಂಬಿರುವುದನ್ನು ಕಂಡು ಗೊಣಗುವವರಿದ್ದಾರೆ. ನನಗಂತೂ ಅದರಿಂದ ಧೈರ್ಯ ಬಂದಿದೆ. ರಾತ್ರಿ ಎಂಟೂವರೆಯ ಬಿಎಂಟಿಸಿಯಲ್ಲಿ ಗಾರ್ಮೆಂಟ್ಸಿನವರು, ನರ್ಸುಗಳು, ಕಾಲೇಜು ಹುಡುಗಿಯರು ಒಟ್ಟಿಗೆ ನಿಂತಿರುವಾಗ ತಂಟೆ ಮಾಡುವವನು ಎರಡು ಸಲ ಯೋಚಿಸಬೇಕಾಗುತ್ತದೆ. ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ನಾನು ಹೇಳುವುದು, ಬಿಡುವಿದ್ದ ದಿನ ನಿಮ್ಮ ಏರಿಯಾದಿಂದ ಹೊರಡುವ ಬಸ್ ಹತ್ತಿ ಕೊನೇ ಸ್ಟಾಪಿನ ತನಕ ಹೋಗಿ ಬನ್ನಿ. ದಾರಿ ಗೊತ್ತಿದ್ದರೆ ಭಯ ಅರ್ಧ ಕಮ್ಮಿ. ಕಷ್ಟ ಬಂದರೆ 112 ಜೊತೆಗೆ ಮಹಿಳಾ ಸಹಾಯವಾಣಿ 181 ಇದೆ.

ಇನ್ನು ಬೀದಿನಾಯಿ. ನಿಮಗೆ ರಸ್ತೆ ಹೊಸದಾದಂತೆ ಅವಕ್ಕೆ ನೀವು ಹೊಸಬರು. ಓಡಬೇಡಿ, ನಿಧಾನ ನಡೆಯಿರಿ. ಕಚ್ಚಿದರೆ ಮಾತ್ರ ಉದಾಸೀನ ಬೇಡ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ಗಾಯ ತೊಳೆದು, ಅವತ್ತೇ ಲಸಿಕೆ ಶುರು ಮಾಡಬೇಕು. ಸಣ್ಣ ಗೀರು ಎಂದು ಅರಿಶಿನ ಹಚ್ಚಿ ಕೂರಬೇಡಿ.

ಇಲ್ಲಿಯ ತನಕ ಹೇಳಿದ್ದು ಹೊಸಬರು ಮಾಡಬೇಕಾದ್ದು. ಆದರೆ ಪರಿಚಯ ಒಂದೇ ಕಡೆಯಿಂದ ಆಗುವುದಿಲ್ಲ. ನಿಮ್ಮ ಮುಖ ನೋಡಿ ಎದುರಿನವರು ಬಾಗಿಲು ಹಾಕಿಕೊಂಡರೆ ನೀವೇನು ಮಾಡೋಕೆ ಆಗತ್ತೆ?

2012ರ ಆಗಸ್ಟಿನಲ್ಲಿ ನಮ್ಮ ನಗರದಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಈಶಾನ್ಯದವರ ಮೇಲೆ ಹಲ್ಲೆ ಆಗುತ್ತದೆ ಎಂಬ ಗಾಳಿಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಡಿತು. ಸಾವಿರಾರು ಜನ ಕೈಗೆ ಸಿಕ್ಕ ಬ್ಯಾಗ್ ಹಿಡಿದು ರೈಲ್ವೆ ಸ್ಟೇಷನ್ನಿಗೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಸುದ್ದಿ ಸುಳ್ಳಾಗಿತ್ತು. ಆದರೆ ಅಷ್ಟು ಜನ ಅದನ್ನು ನಂಬಿದ್ದೇಕೆ? ವರ್ಷಗಟ್ಟಲೆ ಇಲ್ಲಿದ್ದರೂ "ಇಲ್ಲ ಕಣಮ್ಮಾ, ನಾವಿದ್ದೀವಿ, ಎಲ್ಲಿಗೂ ಹೋಗಬೇಡ" ಎಂದು ಹೇಳುವ ಒಬ್ಬ ನೆರೆಯವರು ಅವರಲ್ಲಿ ಬಹಳ ಜನಕ್ಕೆ ಇರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

2018ರ ಮೇ ತಿಂಗಳಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್ಯಾಪ್ ಸಂದೇಶಗಳು ಓಡಾಡುತ್ತಿದ್ದವು. ರಾಜಸ್ಥಾನದಿಂದ ದುಡಿಯಲು ಬಂದಿದ್ದ ಒಬ್ಬ ಯುವಕನನ್ನು ಚಾಮರಾಜಪೇಟೆಯಲ್ಲಿ ಜನ ಹಿಡಿದು, ಕಟ್ಟಿ, ಹೊಡೆದು ಕೊಂದರು. ನಗರದ ನಟ್ಟನಡುವೆ, ಹಾಡಹಗಲಲ್ಲಿ. ಅವನು ಮಾಡಿದ ತಪ್ಪು ಆ ಬೀದಿಗೆ ಹೊಸಬನಾಗಿದ್ದು, ಅಷ್ಟೇ. ಹೊಡೆದವರು ತಮ್ಮ ಬೀದಿಯ ಮಕ್ಕಳನ್ನು ಕಾಪಾಡುತ್ತಿದ್ದೇವೆ ಅಂದುಕೊಂಡಿದ್ದರು.

ನಮ್ಮ ಬಡಾವಣೆಗಳ ಗ್ರೂಪುಗಳಲ್ಲಿ ಇವತ್ತಿಗೂ "ಈತ ಅನುಮಾನಾಸ್ಪದವಾಗಿ ಓಡಾಡುತ್ತಿದ್ದಾನೆ" ಎಂದು ಯಾರದೋ ಫೋಟೋ ಬರುತ್ತದೆ. ಹಳಬರೇ, ಕೈ ಮುಗಿದು ಕೇಳುತ್ತೇನೆ, ಅಂಥ ಫೋಟೋ ಹಾಕಬೇಡಿ, ಮುಂದೆ ಕಳಿಸಬೇಡಿ. ಅನುಮಾನ ಬಂದರೆ ಹತ್ತಿರ ಹೋಗಿ "ಯಾರು ಬೇಕಿತ್ತು?" ಎಂದು ಕೇಳಿ. ದಾರಿ ತಪ್ಪಿದವನಿಗೆ ಅದು ಸಹಾಯ, ಕೆಟ್ಟ ಯೋಚನೆ ಇದ್ದವನಿಗೆ ಅದು ಎಚ್ಚರಿಕೆ. ಕೇಳಲು ಹೆದರಿಕೆ ಆದರೆ 112 ಇದೆ. ಇಸ್ತ್ರಿ ಅಂಗಡಿಯ ಅಕ್ಕ ಹಗಲೆಲ್ಲ ಇದೇ ಪ್ರಶ್ನೆ ಕೇಳುತ್ತಾರೆ. ಯಾರನ್ನೂ ಅವಮಾನ ಮಾಡುವುದಿಲ್ಲ.

ಮನೆ ಬಾಡಿಗೆಗೆ ಕೊಡುವಾಗ ಜಾತಿ ಕೇಳುವುದು, ಧರ್ಮ ಕೇಳುವುದು, ಏನು ತಿಂತೀರಿ ಎಂದು ಕೇಳುವುದು, ಮದುವೆ ಆಗದ ಹುಡುಗರಿಗೆ ಇಲ್ಲವೇ ಇಲ್ಲ ಎನ್ನುವುದು, ಇವೆಲ್ಲ ನಮಗೆ ಸಲೀಸಾಗಿಬಿಟ್ಟಿವೆ. ಬೆಂಗಳೂರಿನಲ್ಲಿ ಯಾರು ಹಳಬರು ಹೇಳಿ? 1898ರಲ್ಲಿ ಪ್ಲೇಗ್ ಬಂದ ಮೇಲೆ ಪೇಟೆ ಬಿಟ್ಟು ಹೋದವರಿಂದ ಮಲ್ಲೇಶ್ವರ, ಬಸವನಗುಡಿ ತುಂಬಿಕೊಂಡವು. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಆಗ ಅಲ್ಲಿ ಸೈಟು ಕೊಂಡವರಿಗೆ ಊರಾಚೆ ಯಾಕೆ ಹೋಗ್ತೀರಿ ಎಂದು ಕೇಳುತ್ತಿದ್ದರಂತೆ. ಅವತ್ತಿನ ಹೊಸಬರ ಮೊಮ್ಮಕ್ಕಳೇ ಇವತ್ತಿನ ಹಳಬರು.

ಹೊಸಬರಿಗೂ ಒಂದು ಮಾತು. ನಿಮ್ಮ ಲೇಔಟ್ ಬಂಜರು ನೆಲದ ಮೇಲೆ ಎದ್ದದ್ದಲ್ಲ. ಅದರ ಹಿಂದೆ ಒಂದು ಹಳ್ಳಿ ಇರುತ್ತದೆ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಒಂಬತ್ತನೇ ಶತಮಾನದ ವೀರಗಲ್ಲಿನಲ್ಲಿ "ಬೆಂಗಳೂರು" ಎಂಬ ಹೆಸರಿದೆ. ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯ ಎಂಬ ವೀರನ ಕಲ್ಲು ಅದಕ್ಕಿಂತಲೂ ಹಳೆಯದು. ಅಪಾರ್ಟ್‌ಮೆಂಟಿನ ಕಾಂಪೌಂಡಿನಾಚೆ ಒಂದು ಮಾರಮ್ಮನ ಗುಡಿ, ಒಂದು ಅರಳಿಕಟ್ಟೆ, ಎಮ್ಮೆ ಕಟ್ಟಿದ ನಾಲ್ಕು ಮನೆ ಈಗಲೂ ಇರಬಹುದು. ಆ ಊರಿನ ಹಬ್ಬ ಯಾವಾಗ ಎಂದು ಕೇಳಿ, ಹೋಗಿ ಒಂದು ಸಂಜೆ ನಿಲ್ಲಿ. ಯಾರಾದರೂ ಮಜ್ಜಿಗೆ ಪಾನಕ ಕೊಟ್ಟೇ ಕೊಡುತ್ತಾರೆ, ಯಾವ ಮನೆ ಎಂದು ವಿಚಾರಿಸುತ್ತಾರೆ. ಕನ್ನಡ ಬಾರದವರು ನಾಲ್ಕು ವಾಕ್ಯ ಕಲಿತು ಹೋಗಿ. ತಪ್ಪು ಮಾತಾಡಿದರೆ, ಕನ್ನಡಿಗರೇ, ದಯವಿಟ್ಟು ನಗಬೇಡಿ. ಹಿಂದಿಗೋ ಇಂಗ್ಲಿಷಿಗೋ ಜಾರಿ ಅವರ ಕಲಿಕೆ ನಿಲ್ಲಿಸಲೂ ಬೇಡಿ.

ಭಾಷಣ ಮುಗಿದ ಮೇಲೆ ಒಬ್ಬರು ಕೇಳಿದ ಪ್ರಶ್ನೆ ಇಲ್ಲಿ ಸೇರಿಸುತ್ತೇನೆ. "ನಾವಿಬ್ಬರೂ ಕೆಲಸಕ್ಕೆ ಹೋಗ್ತೀವಿ ಮೇಡಂ. ಅಪ್ಪ ಅಮ್ಮನನ್ನು ಗದಗದಿಂದ ಕರ್ಕೊಂಡು ಬಂದಿದ್ದೀವಿ. ಇಡೀ ದಿನ ಫ್ಲಾಟಿನಲ್ಲಿ ಇಬ್ಬರೇ. ಹೊರಗೆ ಹೋದ್ರೆ ದಾರಿ ತಪ್ತಾರೆ ಅಂತ ಭಯ." ಅವರನ್ನು ಒಳಗೇ ಇಟ್ಟರೆ ಆರು ತಿಂಗಳಲ್ಲಿ ಸೊರಗಿ ಹೋಗುತ್ತಾರೆ ಎಂದು ನಾನು ಹೇಳಿದೆ. ಊರಿನಲ್ಲಿ ಕಟ್ಟೆ ಮೇಲೆ ಕೂತು ಹತ್ತು ಜನರನ್ನು ಮಾತಾಡಿಸಿ ದಿನ ಕಳೆದವರು ಅವರು. ಮೊದಲು ಕೆಲವು ದಿನ ನೀವೇ ಜೊತೆಗೆ ನಡೆದು ಪಾರ್ಕಿನ ದಾರಿ ತೋರಿಸಿ, ಪ್ರತಿ ಸಲವೂ ಅದೇ ದಾರಿ. ದಾರಿಯಲ್ಲಿ ಹೂವಿನವರಿಗೆ, ಔಷಧಿ ಅಂಗಡಿಯವರಿಗೆ, ಸೆಕ್ಯುರಿಟಿಯವರಿಗೆ "ಇವರು ನಮ್ಮ ಅಪ್ಪ, ಅಮ್ಮ, ಇಂಥ ಮನೆ" ಎಂದು ಹೇಳಿ. ಅಪ್ಪನ ಜೇಬಿನಲ್ಲಿ, ಅಮ್ಮನ ಪರ್ಸಿನಲ್ಲಿ ಒಂದೊಂದು ಗಟ್ಟಿ ಕಾಗದದ ಚೀಟಿ ಇಡಿ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಎರಡು ಫೋನ್ ನಂಬರ್, ರಸ್ತೆಯ ಗುರುತು, ತೆಗೆದುಕೊಳ್ಳುವ ಮಾತ್ರೆಯ ಹೆಸರು. ಮನೆ ನಂಬರ್ ಬರೆಯಬೇಡಿ, ಚೀಟಿ ಎಲ್ಲಾದರೂ ಬಿದ್ದರೆ ಯಾರ ಕೈಗೆ ಸಿಗುತ್ತದೋ ಗೊತ್ತಿಲ್ಲ. ಫೋನ್ ನಂಬರ್ ಇದ್ದರೆ ಮಿಕ್ಕದ್ದನ್ನು ನೀವೇ ಹೇಳಬಹುದು. ಮಳೆಗಾಲದಲ್ಲಿ ಚೀಟಿ ನೆನೆಯದ ಹಾಗೆ ಲ್ಯಾಮಿನೇಟ್ ಮಾಡಿಸಿಬಿಡಿ, ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ಮಾಡಿಕೊಡುತ್ತಾರೆ.